ಜೆ-1 ವೀಸಾದವರೇ, ಡಿಎಸ್-2019ರ ಎಡಮೂಲೆಯ ಟಿಕ್ ನೋಡಿಕೊಳ್ಳಿ

2025ರ ಮಾರ್ಚ್ ಕೊನೆಯಲ್ಲಿ ನನ್ನ ಗಂಡನ ಹೆಸರು ಅಮೆರಿಕದ ಕೆಲಸದ ವೀಸಾ ಎಚ್-1ಬಿಯ ಲಾಟರಿಯಲ್ಲಿ ಬಂತು. ಊರಿಗೆ ಫೋನ್ ಮಾಡಿ ಅಮ್ಮನಿಗೂ ಹೇಳಿಬಿಟ್ಟಿದ್ದೆ. ಎರಡು ವಾರ ಕಳೆದ ಮೇಲೆ ಅವರ ಕಂಪನಿಯ ವಕೀಲರು ನನ್ನ ಡಿಎಸ್-2019, ಅಂದರೆ ಜೆ-1 ವೀಸಾಕ್ಕೆ ಬೇಕಾದ ಫಾರ್ಮ್, ತರಿಸಿಕೊಂಡು ನೋಡಿದರು. ಈ ಅರ್ಜಿ ಹಾಕಲು ಆಗುವುದಿಲ್ಲ ಅಂದರು.

ನಾನು 2022ರಲ್ಲಿ ಸಂಶೋಧನೆಗೆಂದು ಜೆ-1ರಲ್ಲಿ, ಅಂದರೆ ವಿನಿಮಯ ಕಾರ್ಯಕ್ರಮದ ವೀಸಾದಲ್ಲಿ, ಅಮೆರಿಕಕ್ಕೆ ಹೋದವಳು. ಗಂಡ ಬಂದಿದ್ದು ಜೆ-1ದವರ ಕುಟುಂಬಕ್ಕೆ ಕೊಡುವ ಜೆ-2ರಲ್ಲಿ. ಚೆನ್ನೈನಲ್ಲಿ ವೀಸಾ ಆದಾಗಲೇ ಅದರ ಮೇಲೆ ಎರಡು ವರ್ಷದ ನಿಯಮ ಅನ್ವಯಿಸುತ್ತದೆ ಅಂತ ಅಚ್ಚಾಗಿತ್ತು. ಅಂದರೆ ಓದು, ಸಂಶೋಧನೆ ಮುಗಿದ ಮೇಲೆ ತಾಯ್ನಾಡಿನಲ್ಲಿ ಒಟ್ಟು ಎರಡು ವರ್ಷ ಇರಬೇಕು. ಅಲ್ಲಿಯವರೆಗೆ ಎಚ್-1ಬಿ ಇಲ್ಲ, ಕಂಪನಿಯೊಳಗಿನ ವರ್ಗಾವಣೆಯ ಎಲ್-1 ಇಲ್ಲ, ಗ್ರೀನ್ ಕಾರ್ಡೂ ಇಲ್ಲ.

2024ರ ಡಿಸೆಂಬರ್ 9ರಂದು ಅಮೆರಿಕ ತನ್ನ ಸ್ಕಿಲ್ಸ್ ಲಿಸ್ಟ್, ಅಂದರೆ ಯಾವ ದೇಶದ ಯಾವ ಕ್ಷೇತ್ರದವರಿಗೆ ಈ ನಿಯಮ ಅನ್ನುವ ಪಟ್ಟಿ, ಬದಲಿಸಿತು. ಭಾರತದ ಹೆಸರು ಅದರಿಂದ ಹೊರಗೆ ಬಂತು, ಹಿಂದೆ ಹೋದವರಿಗೂ ಲಾಭ ಸಿಕ್ಕಿತು. ಲ್ಯಾಬಿನ ಗೆಳತಿಯರೆಲ್ಲ ಸಂಭ್ರಮಪಟ್ಟರು. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಕೂಡ ದುಡ್ಡು ತೆಗೆದುಕೊಂಡು, 'ಇನ್ನು ಭಾರತದವರಿಗೆ ಈ ನಿಯಮವೇ ಇಲ್ಲ ಮೇಡಂ' ಅಂದರು. ನಂಬಿದೆ.

ಆದರೆ ಈ ನಿಯಮ ತಗುಲಿಕೊಳ್ಳುವುದಕ್ಕೆ ದಾರಿ ಮೂರು. ಸ್ಕಿಲ್ಸ್ ಲಿಸ್ಟ್ ಅದರಲ್ಲಿ ಒಂದು ಅಷ್ಟೇ. ಅಮೆರಿಕದ್ದಾಗಲಿ ನಮ್ಮದಾಗಲಿ, ಸರ್ಕಾರದ ಹಣದಲ್ಲಿ ಹೋಗಿದ್ದರೆ ಅದು ಎರಡನೆಯದು. ರೆಸಿಡೆನ್ಸಿ, ಫೆಲೋಶಿಪ್ ಮಾಡಲು ಹೋದ ಡಾಕ್ಟರ್‌ಗಳು ಮೂರನೆಯ ಗುಂಪು. ನನ್ನ ಖರ್ಚು ಕೊಟ್ಟಿದ್ದು ನಮ್ಮ ಸರ್ಕಾರದ ಸ್ಕಾಲರ್‌ಶಿಪ್. ವೀಸಾ ಮೇಲೆ ನಿಯಮ ಇದೆ ಅಂತ ಮಾತ್ರ ಇರುತ್ತದೆ, ಯಾಕೆ ಅಂತ ಇರುವುದಿಲ್ಲ. ಡಿಎಸ್-2019ರ ಕೆಳಗೆ ಎಡಮೂಲೆಯಲ್ಲಿ ಅದು ಇರುತ್ತದೆ. ನನ್ನದರಲ್ಲಿ ಸರ್ಕಾರಿ ಹಣ ಅನ್ನುವ ಜಾಗಕ್ಕೆ ಟಿಕ್ ಬಿದ್ದಿತ್ತು. ಮೂರು ವರ್ಷ ಫೈಲಿನಲ್ಲೇ ಇತ್ತು, ನಾನು ಓದಿರಲಿಲ್ಲ. 5ನೇ ಅಂಕಣದಲ್ಲಿ ಯಾರು ಎಷ್ಟು ಹಣ ಕೊಟ್ಟರು ಅಂತಲೂ ಸ್ಪಷ್ಟವಾಗಿತ್ತು.

ನನಗೆ ಜಾಸ್ತಿ ನೋವಾಗಿದ್ದು ಗಂಡನ ವಿಷಯದಲ್ಲಿ. ಜೆ-1ಗೆ ನಿಯಮ ಇದ್ದರೆ ಜೆ-2ಗೂ ಇರುತ್ತದೆ. ಅವರು ಯಾವ ಸ್ಕಾಲರ್‌ಶಿಪ್ಪೂ ಪಡೆದವರಲ್ಲ. ವಿನಾಯಿತಿಗೆ ತಾವಾಗಿಯೇ ಅರ್ಜಿ ಹಾಕಲೂ ಅವರಿಗೆ ದಾರಿ ಇರಲಿಲ್ಲ, ನಾನೇ ಹಾಕಬೇಕಿತ್ತು. ಅದಕ್ಕೆ 120 ಡಾಲರ್ ಶುಲ್ಕ, ಜೊತೆಗೆ ಭಾರತ ಸರ್ಕಾರದಿಂದ ಆಕ್ಷೇಪವಿಲ್ಲ ಅನ್ನುವ ಪತ್ರ. ಓದಿಬಾ ಅಂತ ದುಡ್ಡು ಕೊಟ್ಟು ಕಳಿಸಿದ ಸರ್ಕಾರವನ್ನೇ ಹೋಗಿ ಕೇಳಬೇಕಲ್ವಾ? ನಾನು ಕೇಳಲಿಲ್ಲ.

ಡಾಕ್ಟರ್‌ಗಳೇ, ನಿಮಗಂತೂ ಈ ಪತ್ರದ ದಾರಿಯೇ ಇಲ್ಲ. ವೈದ್ಯರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಿದರೆ ವಿನಾಯಿತಿ ಸಿಗುವ ಕಾನ್ರಾಡ್ 30 ಅನ್ನುವ ಯೋಜನೆ ಇದೆ, ಆದರೆ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜನ ಮಾತ್ರ.

ಇನ್ನೊಂದು ಮಾತು. ವಿನಾಯಿತಿಗೆ ಒಮ್ಮೆ ಶಿಫಾರಸು ಬಂತೆಂದರೆ ಆಮೇಲೆ ಜೆ-1 ಅವಧಿ ವಿಸ್ತರಿಸುವುದಿಲ್ಲ. ಅವಧಿ ಇನ್ನೂ ಬೇಕಿದ್ದವರು ಆತುರಪಡಬೇಡಿ. ನಿಯಮ ತಮಗೆ ಅನ್ವಯಿಸುತ್ತದಾ ಅಂತ ಅನುಮಾನ ಇದ್ದವರು ಗೆಳೆಯರನ್ನಾಗಲಿ ಕನ್ಸಲ್ಟೆಂಟನ್ನಾಗಲಿ ಕೇಳಿ ಸುಮ್ಮನಾಗಬೇಡಿ. ಅಮೆರಿಕದ ವಿದೇಶಾಂಗ ಇಲಾಖೆಗೇ ಬರೆದು ಅಡ್ವೈಸರಿ ಒಪೀನಿಯನ್, ಅಂದರೆ ಇಲಾಖೆಯ ಲಿಖಿತ ಅಭಿಪ್ರಾಯ, ತರಿಸಿಕೊಳ್ಳಿ, ಅದೂ ಕೆಲಸದ ಮಾತುಕತೆಗೆ ಮುಂಚೆಯೇ.

ನಾವು 2025ರ ಆಗಸ್ಟ್‌ನಲ್ಲಿ ಮೈಸೂರಿಗೆ ವಾಪಸ್ ಬಂದೆವು. ಬೇರೆ ದೇಶದಲ್ಲಿ ಕಳೆದ ದಿನ ಆ ಎರಡು ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪಾಸ್‌ಪೋರ್ಟ್ ಸೀಲುಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದೇವೆ. ನಡುವೆ ನಾನು ಸಿಂಗಾಪುರಕ್ಕೆ ಹೋಗಿಬಂದ ಆರು ದಿನವನ್ನೂ ಕಳೆದು, ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕುತ್ತಿದ್ದೇವೆ.