ಹೊಸ ಬೆಕ್ಕಿನ ಮರಿಗೆ ಲ್ಯೂಕೇಮಿಯಾ ಪಾಸಿಟಿವ್ ಅಂದ್ರಾ? ಸ್ವಲ್ಪ ತಡೀರಿ

ಬೆಕ್ಕುಗಳ ಇಮ್ಯೂನಿಟಿ ಕುಗ್ಗಿಸಿ ರಕ್ತದ ಕ್ಯಾನ್ಸರನ್ನೂ ತರಬಲ್ಲ ಬೆಕ್ಕಿನ ಲ್ಯೂಕೇಮಿಯಾ ವೈರಸ್, ಅಂದ್ರೆ ಎಫ್‌ಇಎಲ್‌ವಿಗೆ ಕ್ಲಿನಿಕ್ಕಲ್ಲಿ ಮಾಡೋ ಕಿಟ್ ಟೆಸ್ಟ್ ಒಂದನ್ನೇ ನಂಬ್ಕೊಂಡು ಯಾವ ತೀರ್ಮಾನಾನೂ ಮಾಡ್ಬೇಡಿ. ಪಾಸಿಟಿವ್ ಬಂದ್ರೂ ಅಷ್ಟೇ, ನೆಗೆಟಿವ್ ಬಂದ್ರೂ ಅಷ್ಟೇ.

ನಮಗೆ ಮರಿ ಕೊಟ್ಟೋರು "ಟೆಸ್ಟ್ ಆಗಿದೆ, ನೆಗೆಟಿವ್" ಅಂದಿದ್ರು. ಮನೇಲಿ ದೊಡ್ಡ ಬೆಕ್ಕೊಂದಿದೆ, ಎರಡನ್ನೂ ಸೇರಿಸೋ ಮುಂಚೆ ಇನ್ನೊಂದ್ಸಲ ನೋಡ್ಸೋಣ ಅಂತ ಕರ್ಕೊಂಡು ಹೋದ್ರೆ, ಡಾಕ್ಟ್ರು ರಕ್ತ ತೆಗೆದು ನೇರವಾಗಿ ಕಿಟ್ಟಿಗೆ ಬಿಟ್ಟು, ಅದನ್ನ ಟೇಬಲ್ ಮೇಲಿಟ್ಟು, ಇನ್ಯಾವುದೋ ನಾಯಿ ನೋಡೋಕೆ ಹೋದವರು ಬರೋದೇ ಇಲ್ಲ. ಎಷ್ಟೋ ಹೊತ್ತಾದ್ಮೇಲೆ ಬಂದು ಬೆಳಕಿಗೆ ಹಿಡಿದು ನೋಡಿದ್ರು. ಇದ್ಯೋ ಇಲ್ವೋ ಅನ್ನೋ ಥರ ಒಂದು ಮಸುಕು ಗುರುತು. "ಪಾಸಿಟಿವ್. ಇದು ಬದುಕಲ್ಲ, ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ" ಅಂದ್ರು. ಮರಿ ನೋಡಿದ್ರೆ ನನ್ನ ಶರ್ಟಿನ ಗುಂಡಿ ಕಚ್ಚಿ ಎಳೀತಾ ಇದೆ! ಮರಿ ಎತ್ಕೊಂಡು ಎದ್ದು ಬಂದೆ.

ಬೇರೆ ವೆಟ್ ಬಿಡಿಸಿ ಹೇಳಿದ್ರು. ಆ ಕಿಟ್ ಹುಡುಕೋದು ವೈರಸ್ಸಿನ ಪಿ27 ಅನ್ನೋ ಪ್ರೋಟೀನನ್ನ. ಕಿಟ್ಟಲ್ಲಿ ಹೇಳಿದ ಟೈಮಿಗೆ ಸರಿಯಾಗಿ ಓದ್ಬೇಕು, ತಡವಾದ್ರೆ ಸುಳ್ಳು ಗುರುತು ಬರಬಹುದು, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡೋ ತಿಳಿ ದ್ರವ) ಬದ್ಲು ನೇರ ರಕ್ತ ಹಾಕಿದ್ರೂ ತಪ್ಪು ಪಾಸಿಟಿವ್ ಬರೋ ಚಾನ್ಸ್ ಜಾಸ್ತಿಯಂತೆ. ಇನ್ನು ಆ ಮೊದಲಿನ ನೆಗೆಟಿವ್ ಕಥೆ ಕೇಳಿ: ಮರಿನ ರೆಸ್ಕ್ಯೂ ಮಾಡಿದ ದಿನವೇ ಟೆಸ್ಟ್ ಮಾಡಿದ್ದಾರೆ, ಆಮೇಲೆ ಬೇರೆ ಮರಿಗಳ ಜೊತೆ ಒಂದೇ ತಟ್ಟೇಲಿ ತಿನ್ನೋಕೆ ಬಿಟ್ಟಿದ್ದಾರೆ. ಈ ವೈರಸ್ ಹರಡೋದೇ ಜೊಲ್ಲಿಂದ, ಒಂದನ್ನೊಂದು ನೆಕ್ಕೋದ್ರಿಂದ, ತಾಯಿಂದ. ಸೋಂಕು ತಗುಲಿದ ತಕ್ಷಣ ಟೆಸ್ಟಲ್ಲಿ ಕಾಣಲ್ಲ, ಕನಿಷ್ಠ 30 ದಿನ ಬಿಟ್ಟು ಮತ್ತೆ ಮಾಡ್ಬೇಕು. ಯಾರೋ ನಂಗೆ "ತಾಯಿ ಹಾಲಿನ ಆ್ಯಂಟಿಬಾಡಿಯಿಂದ ಪಾಸಿಟಿವ್ ಬಂದಿರುತ್ತೆ ಬಿಡಿ" ಅಂತ ಸಮಾಧಾನ ಬೇರೆ ಹೇಳಿದ್ರು. ಅದು ಎಫ್‌ಐವಿ, ಅಂದ್ರೆ ಬೆಕ್ಕುಗಳಿಗೆ ಬರೋ ಇನ್ನೊಂದು ವೈರಸ್ಸಿನ ಟೆಸ್ಟಿನ ಮಾತು; ಅದು ಆ್ಯಂಟಿಬಾಡಿ ಹುಡುಕುತ್ತೆ, ಇದು ವೈರಸ್ಸಿನ ಪ್ರೋಟೀನನ್ನೇ ಹುಡುಕುತ್ತೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಲ್ಯಾಬಿಗೆ ಕಳ್ಸಿದ್ವಿ. ಆ್ಯಂಟಿಜೆನ್ (ಅದೇ ಪಿ27 ಪ್ರೋಟೀನ್ ಹುಡುಕೋ ಟೆಸ್ಟ್) ನೆಗೆಟಿವ್, ಪಿಸಿಆರ್ (ವೈರಸ್ಸಿನ ಜೀನ್ ಹುಡುಕೋ ಟೆಸ್ಟ್) ಪಾಸಿಟಿವ್! ಹಾಗಾದ್ರೆ ಇದೆಯಾ ಇಲ್ವಾ ಡಾಕ್ಟ್ರೇ ಅಂದ್ರೆ, ವೈರಸ್ಸಿನ ಜೀನ್ ಜೀವಕೋಶದೊಳಗೆ ಸೇರ್ಕೊಂಡಿದೆ ಆದ್ರೆ ಮರಿಯ ದೇಹ ಅದನ್ನ ಅದುಮಿಟ್ಟಿರಬಹುದು, ಇದಕ್ಕೆ ರಿಗ್ರೆಸಿವ್ ಸೋಂಕು ಅಂತಾರೆ, ಇಂಥ ಬೆಕ್ಕು ಸಾಮಾನ್ಯವಾಗಿ ಜೊಲ್ಲಲ್ಲಿ ವೈರಸ್ ಬಿಡಲ್ಲ, ಎಷ್ಟೋ ಬೆಕ್ಕು ಆರಾಮಾಗೇ ಇರ್ತವೆ, ಆದ್ರೆ ಮುಂದೆ ಇಮ್ಯೂನಿಟಿ ಕುಗ್ಗಿದ್ರೆ ಮತ್ತೆ ತಲೆ ಎತ್ತಬಹುದು, ರಕ್ತದಾನಕ್ಕಂತೂ ಬಳಸೋ ಹಾಗಿಲ್ಲ, ಈಗ್ಲೇ ಇದೇ ಅಂತ ಹೇಳೋಕಾಗಲ್ಲ, ಇನ್ನೊಂದ್ಸಲ ಟೆಸ್ಟ್ ಮಾಡೋಣ ಅಂದ್ರು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋ ವೆಟ್ ಸಿಕ್ಕಿದ್ದೇ ನಮ್ಮ ಪುಣ್ಯ.

ಅಲ್ಲೀವರೆಗೂ ಮರಿಗೆ ಬೇರೆ ರೂಮು, ಬೇರೆ ತಟ್ಟೆ, ಬೇರೆ ಲಿಟರ್ ಟ್ರೇ. ಮನುಷ್ಯರಿಗೆ ಇದು ಬರಲ್ಲ, ಒಣಗಿದ ಜಾಗದಲ್ಲಿ ವೈರಸ್ ಹೆಚ್ಚು ಹೊತ್ತು ಉಳಿಯಲ್ಲ, ಸೋಪಿಗೂ ಸಾಯುತ್ತೆ, ಹಾಗಾಗಿ ಕೈ ತೊಳ್ಕೊಂಡು ಆರಾಮಾಗಿ ಆಡಿಸ್ತೀವಿ. ದೊಡ್ಡ ಬೆಕ್ಕಿಗೂ ಟೆಸ್ಟ್ ಮಾಡ್ಸಿ, ನೆಗೆಟಿವ್ ಬಂದ್ಮೇಲೆ ವ್ಯಾಕ್ಸಿನ್ ಹಾಕ್ಸಿದ್ವಿ.

ಆ ಮೊದಲನೇ ಕ್ಲಿನಿಕ್ಕಿನ ಬಿಲ್ಲಲ್ಲಿ ಬರೀ "ಬ್ಲಡ್ ಟೆಸ್ಟ್" ಅಂತಿದೆ, ಯಾವ ಕಿಟ್ಟು ಏನು ಎತ್ತ ಒಂದೂ ಇಲ್ಲ. ಲ್ಯಾಬಿನವರು ಕೇಳಿದಾಗ ನನ್ನ ಹತ್ರ ತೋರ್ಸೋಕೆ ಏನೂ ಇರ್ಲಿಲ್ಲ. ನೀವು ಹೋದಾಗ ಕಿಟ್ಟಿನ ಹೆಸರು ಬರ್ಸ್ಕೊಳ್ಳಿ, ಓದೋ ಟೈಮಿಗೆ ಸರಿಯಾಗಿ ಅದರದ್ದೊಂದು ಫೋಟೋ ತೆಕ್ಕೊಳ್ಳಿ, ಡಾಕ್ಟ್ರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ.