ನಾಯಿಗಳ ಬೋರ್ಡಿಂಗ್ ತೆರೆಯುವ ಮುಂಚೆ ಮೋರಿ ನೋಡಿ

ಬೋರ್ಡಿಂಗ್ ಶುರು ಮಾಡಲು ಹೊರಟವರ ದುಡ್ಡು ಮೊದಲು ಹೋಗುವುದು ನಾಮಫಲಕಕ್ಕೆ, ಗೋಡೆಯ ಬಣ್ಣಕ್ಕೆ, ಮುಂದಿನ ಕೋಣೆಯ ಸೋಫಾಕ್ಕೆ. ಮುಳುಗಿಸುವುದು ನೆಲದ ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು. ಹತ್ತು ಕೆನಲುಗಳ (ನಾಯಿ ಇಡುವ ಗೂಡುಗಳ) ಒಂದು ಹೊಸ ಜಾಗ ಐದೇ ವಾರದಲ್ಲಿ ಬಾಗಿಲು ಹಾಕಿದ್ದು ಹೀಗೇ. ಅಲ್ಲಿ ಆದದ್ದರಲ್ಲಿ ವಿಚಿತ್ರವಾದದ್ದು ಏನೂ ಇರಲಿಲ್ಲ, ಅದಕ್ಕೇ ಹೆದರಬೇಕು.

ಹತ್ತು ಕೆನಲು ಒಂದೇ ಸಾಲಿನಲ್ಲಿದ್ದವು. ಹಿಂಬದಿಯಲ್ಲಿ ಎಲ್ಲಕ್ಕೂ ಸೇರಿ ಒಂದೇ ತೆರೆದ ಮೋರಿ. ನೀರು ಹರಿಯಲೆಂದು ನಡುಗೋಡೆಗಳ ಕೆಳಗೆ ಮೂರು ಬೆರಳಿನಷ್ಟು ಸಂದಿ ಬಿಟ್ಟಿದ್ದರು. ಅಂದರೆ ಮೊದಲ ಕೆನಲಿನ ಕೊಳೆ ಹೊರಗೆ ಹೋಗಬೇಕಾದರೆ ಉಳಿದ ಒಂಬತ್ತನ್ನೂ ದಾಟಬೇಕು. ಎರಡನೇ ಕೆನಲಿಗೆ 11 ವಾರದ ಮರಿಯೊಂದು ಬಂತು. ಕಾರ್ಡಿನಲ್ಲಿ ಎರಡು ಲಸಿಕೆ ಆಗಿತ್ತು, ಎರಡನೆಯದು ಬರುವ ಎರಡು ದಿನ ಮುಂಚೆ. ‘ಎರಡಾಗಿದೆಯಲ್ಲ’ ಎಂದು ಒಳಗೆ ಬಿಟ್ಟುಕೊಂಡರು. ನಾಲ್ಕನೇ ದಿನ ಮರಿ ಬಟ್ಟಲು ಮುಟ್ಟಲಿಲ್ಲ, ಸಂಜೆ ವಾಂತಿ, ರಾತ್ರಿ ರಕ್ತ ಬೆರೆತ ಭೇದಿ. ಬೆಳಗ್ಗೆ ಕೆಲಸದವರು ಪ್ರೆಷರ್ ಪೈಪ್ ಹಿಡಿದು ಎಲ್ಲವನ್ನೂ ಮೋರಿಗೆ ತಳ್ಳಿ, ಮೇಲೆ ಫಿನಾಯಿಲ್ ಹಾಕಿದರು. ಅನಾಹುತ ಆದದ್ದು ಆ ಒಂದು ತೊಳೆತದಲ್ಲಿ.

ಮರಿಗೆ ಬಂದದ್ದು ಪಾರ್ವೊ, ಮರಿಗಳ ಪ್ರಾಣ ತೆಗೆಯಬಲ್ಲ ಕರುಳಿನ ಸೋಂಕು. ಅದರ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ. ಪರಿಮಳದ ನೆಲ ಒರೆಸುವ ದ್ರವಗಳಲ್ಲಿ ಹೆಚ್ಚಿನವು ಅಂಥ ಹೊದಿಕೆಯನ್ನು ಒಡೆದೇ ಕೆಲಸ ಮಾಡುವುದು, ಹಾಗಾಗಿ ಇದರ ಮುಂದೆ ಅವು ನೀರಿಗೆ ಸಮ, ಫಿನಾಯಿಲನ್ನೂ ನಂಬುವಂತಿಲ್ಲ. ನೆಲದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಪ್ರೆಷರ್ ಪೈಪ್ ಮಲವನ್ನು ಸಣ್ಣ ಹನಿಗಳಾಗಿ ಹಾರಿಸಿ ಗೋಡೆ, ಬಟ್ಟಲು, ಪಕ್ಕದ ಕೆನಲಿನವರೆಗೂ ಒಯ್ಯುತ್ತದೆ. ನೀರು ಹರಿಯುವ ದಿಕ್ಕಿನಲ್ಲಿ ಕೆಳಗಿನ ಕೆನಲುಗಳಲ್ಲಿದ್ದ ಮೂರು ನಾಯಿಗಳಿಗೆ ರೋಗ ತಗಲಿತು. ಆದರೆ ಬೋರ್ಡಿಂಗಿನಲ್ಲಿ ಅವು ಚೆನ್ನಾಗಿಯೇ ಇದ್ದವು, ಕಾಯಿಲೆ ಬಿದ್ದದ್ದು ಮನೆಗೆ ಹೋದ ಮೇಲೆ. ಸೋಂಕು ತಗಲಿ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು, ಕೆಲವೊಮ್ಮೆ 14. ಅಷ್ಟರಲ್ಲಿ ಅದೇ ನೆಲಕ್ಕೆ ಹೊಸ ನಾಯಿಗಳು ಬಂದಾಗಿತ್ತು.

ಸರಿಯಾದ ಕ್ರಮ ಹೀಗಿದೆ. ಮಲ, ವಾಂತಿಯನ್ನು ನೀರು ಹಾಕದೆ ಕಾಗದದಲ್ಲಿ ಎತ್ತಿ ಚೀಲಕ್ಕೆ ಕಟ್ಟಬೇಕು. ಆಮೇಲೆ ಸೋಪಿನ ನೀರಿನಲ್ಲಿ ಉಜ್ಜಿ, ತೊಳೆದು, ನೀರು ಬಳಿದು ತೆಗೆಯಬೇಕು. ಆಗ ಮಾತ್ರ ಬ್ಲೀಚ್: ಶೇ. 5ರಿಂದ 6ರ ಸೋಡಿಯಂ ಹೈಪೊಕ್ಲೋರೈಟ್ ಒಂದು ಪಾಲು, ನೀರು 30 ಪಾಲು. ಹತ್ತು ಲೀಟರ್ ಬಕೆಟ್ಟಿಗೆ ಸುಮಾರು 330 ಮಿ.ಲೀ. ನೆಲ ಪೂರ್ತಿ 10 ನಿಮಿಷ ಒದ್ದೆಯಾಗಿಯೇ ಇರಬೇಕು. ನಡುವೆ ಒಣಗಿದರೆ ಮತ್ತೆ ಹಾಕಿ. ಕೊಳೆಯ ಮೇಲೇ ಸುರಿದರೆ ಬ್ಲೀಚ್ ಕೊಳೆಯ ಜೊತೆಗೇ ಖರ್ಚಾಗಿಹೋಗುತ್ತದೆ. ಬೆರೆಸಿದ್ದನ್ನು ನಾಳೆಗೆ ಇಡಬೇಡಿ, ಬೆಳಕಿಗೆ ಸತ್ವ ಹೋಗುತ್ತದೆ. ಮೂತ್ರ ನಿಂತ ನೆಲಕ್ಕೆ ಬಿದ್ದರೆ ಅಮೋನಿಯಾ ಜೊತೆ ಸೇರಿ ಕಣ್ಣು, ಗಂಟಲು ಉರಿಸುವ ಅನಿಲವಾಗುತ್ತದೆ. ಆ್ಯಸಿಡ್ ಜೊತೆ ಬೆರೆತರೆ ಕ್ಲೋರಿನ್, ಅದು ಪ್ರಾಣಕ್ಕೇ ಅಪಾಯ. (ಬೆಕ್ಕುಗಳನ್ನೂ ಇಟ್ಟುಕೊಳ್ಳುವವರು ಫಿನಾಯಿಲನ್ನು ಆ ಕಟ್ಟಡದೊಳಗೇ ತರಬೇಡಿ. ಪಂಜಕ್ಕೆ ಅಂಟಿದ್ದನ್ನು ನೆಕ್ಕುತ್ತವೆ, ಅದರಲ್ಲಿನ ಫೀನಾಲನ್ನು ಅರಗಿಸುವ ಶಕ್ತಿ ಅವುಗಳ ಯಕೃತ್ತಿಗೆ ತೀರಾ ಕಡಿಮೆ.)

ಇಷ್ಟೆಲ್ಲ ಮಾಡಿದರೂ ಲೇಪವಿಲ್ಲದ ಸಿಮೆಂಟು, ಮರ, ಟೈಲ್ಸ್ ಸಂದಿ, ಹುಲ್ಲುಹಾಸು, ಮಣ್ಣು ಇವುಗಳಲ್ಲಿ ಬ್ಲೀಚ್ ಸೋಲುತ್ತದೆ. ನೋಡಲು ಚೆಂದವೆಂದು ಹುಲ್ಲು ಹಾಕಿಸಿ ಮರಿಗಳನ್ನು ಬಿಡುವುದು ಮೂರ್ಖತನ. ಕೆನಲಿನ ನೆಲ ಎಪಾಕ್ಸಿಯಂಥ ನೀರು ಹೀರದ ಲೇಪದ್ದಾಗಿರಲಿ, ಗೋಡೆ ಸೇರುವ ಮೂಲೆಯನ್ನು ಗುಂಡಗೆ ಮಾಡಿಸಿ. ವಾಟ ಅಡಿಗೆ ಕಾಲು ಇಂಚು. ಪ್ರತಿ ಕೆನಲಿನ ನೀರೂ ಬೇರೆಯದನ್ನು ಮುಟ್ಟದೆ ನೇರ ಹೊರಗಿನ ಮುಚ್ಚಿದ ಮೋರಿಗೆ ಬೀಳಬೇಕು. ನಡುಗೋಡೆ ನೆಲಕ್ಕೆ ಕೂತಿರಬೇಕು, ನಾಲ್ಕು ಅಡಿಯವರೆಗಾದರೂ ಜಾಲರಿ ಬೇಡ. ಲೇಪ ಹಾಕುವ ಮುಂಚೆ ಒಂದು ಬಕೆಟ್ ನೀರಿಗೆ ಬಣ್ಣ ಕಲಸಿ ಒಂದು ಕೆನಲಿನಲ್ಲಿ ಸುರಿಸಿ, ಮೇಸ್ತ್ರಿ ಎದುರಿಗೇ ನಿಂತು ನೋಡಿ. ಬಣ್ಣ ಪಕ್ಕದ ಗೋಡೆಯಡಿ ಇಣುಕಿದರೆ, ಮೂಲೆಯಲ್ಲಿ ತಂಗಿದರೆ, ಅವತ್ತೇ ಒಡೆಸಿ ಸರಿಮಾಡಿಸಿ. ಆಮೇಲೆ ಒಡೆಸುವವರು ಯಾರೂ ಇಲ್ಲ.

‘ಐಸೊಲೇಷನ್’ ಎಂದು ಬಾಗಿಲಿಗೆ ಬರೆಸಿದ ಮಾತ್ರಕ್ಕೆ ಕಾಯಿಲೆಯ ನಾಯಿಗಳ ಕೋಣೆ ಬೇರೆಯಾಗುವುದಿಲ್ಲ. ಅದರ ಮೋರಿ, ಮಾಪು, ಬಟ್ಟಲು, ಚಪ್ಪಲಿ ಬೇರೆ ಇರಬೇಕು. ಗಾಳಿಯೂ ಬೇರೆ: ಅದರ ಫ್ಯಾನು ಬಯಲಿಗೆ ಊದಬೇಕು, ಕಟ್ಟಡದೊಳಗಿನ ಓಣಿಗಲ್ಲ. ಕೆನಲ್ ಕೆಮ್ಮು (ನಾಯಿಯಿಂದ ನಾಯಿಗೆ ಅಂಟುವ ಕೆಮ್ಮು) ಹೆಚ್ಚಾಗಿ ಹರಡುವುದು ಗಾಳಿಯಲ್ಲಿ. ಕೆನಲ್ ಹಾಲಿನ ಗಾಳಿ ಗಂಟೆಗೆ 10ರಿಂದ 15 ಸಲ ಬದಲಾಗಬೇಕು. ಲೆಕ್ಕ ಸುಲಭ. 20 ಅಡಿ ಉದ್ದ, 15 ಅಗಲ, 10 ಎತ್ತರದ ಹಾಲ್ ಅಂದರೆ 3,000 ಘನ ಅಡಿ. 12 ಸಲಕ್ಕೆ ಗಂಟೆಗೆ 36,000, ಅಂದರೆ ನಿಮಿಷಕ್ಕೆ 600 ಘನ ಅಡಿ. ಎಕ್ಸಾಸ್ಟ್ ಫ್ಯಾನಿನ ಡಬ್ಬಿಯ ಮೇಲೆ ಸಿಎಫ್‌ಎಂ ಎಂದಿರುವುದು ಇದೇ ಸಂಖ್ಯೆ. ಹೊರಗೆ ಹೋದಷ್ಟು ಗಾಳಿ ಒಳಗೆ ಬರಲು ಎದುರು ಗೋಡೆಯಲ್ಲಿ ದಾರಿ ಬಿಡಿ.

ಲಸಿಕೆ ಕಾರ್ಡಿನಲ್ಲಿ ಎಷ್ಟು ಚುಚ್ಚಿದ್ದಾರೆ ಎಂದು ಎಣಿಸಬೇಡಿ. ಕೊನೆಯದು ಆದಾಗ ಮರಿಗೆ ಎಷ್ಟು ವಾರ ಅಂತ ನೋಡಿ. ತಾಯಿ ಹಾಲಿನಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನು ಹಿಡಿಯಲು ಬಿಡುವುದಿಲ್ಲ, ಅವು ಯಾವ ವಾರ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. 16 ವಾರ ತುಂಬಿದ ಮೇಲೊಂದು ಡೋಸ್ ಆಗಿ, ಅದಾಗಿ ಎರಡು ವಾರ ಕಳೆದಿರದಿದ್ದರೆ ಬಾಗಿಲಲ್ಲೇ ನಿಲ್ಲಿಸಿ. ರೇಬೀಸ್ ಮೊದಲ ಚುಚ್ಚುಮದ್ದಾಗಿ 28 ದಿನ ಕಳೆದಿರಲಿ. ಕೆನಲ್ ಕೆಮ್ಮಿಗೆ ಮೂಗಿನ ಹನಿ ಲಸಿಕೆ ಹಾಕಿ ಒಂದು ವಾರವಾದರೂ ಆಗಿರಲಿ. ‘ನಿನ್ನೆ ಹಾಕಿಸಿದ್ದೇವೆ’ ಎಂದರೆ ಹಾಕಿಸಿಲ್ಲ ಎಂದೇ ತಿಳಿಯಿರಿ.

ವಿಮೆಯ ಪತ್ರವನ್ನು ಓದಿ ಸಹಿ ಹಾಕಿ. ಸಾಮಾನ್ಯ ವ್ಯಾಪಾರ ವಿಮೆಗಳಲ್ಲಿ ಹೆಚ್ಚಿನವು ನಿಮ್ಮ ವಶದಲ್ಲಿರುವ ಇತರರ ಆಸ್ತಿಗೆ ಹಣ ಕೊಡುವುದಿಲ್ಲ, ನಾಯಿ ಆ ಲೆಕ್ಕಕ್ಕೇ ಸೇರುತ್ತದೆ. ತಪ್ಪಿಸಿಕೊಂಡು ಓಡದಂತೆ ಹೊರಬಾಗಿಲಿಗೆ ಇನ್ನೊಂದು ಬಾಗಿಲು ಇರಲಿ, ಎರಡೂ ಒಟ್ಟಿಗೆ ತೆರೆಯಬಾರದು.

ಮೊದಲ ದಿನವೇ ಹತ್ತೂ ತುಂಬಿಸುವ ಆಸೆ ಬೇಡ. ಎರಡು ವಾರ ಮೂರು, ನಾಲ್ಕು ನಾಯಿಗಳಲ್ಲಿ ನಡೆಸಿ, ಮನೆಗೆ ಹೋದವುಗಳ ಬಗ್ಗೆ ಏಳನೇ ದಿನ, ಹದಿನಾಲ್ಕನೇ ದಿನ ಫೋನ್ ಮಾಡಿ ವಿಚಾರಿಸಿ. ಮುಚ್ಚಿಹೋದ ಆ ಜಾಗದಲ್ಲಿ ರಿಜಿಸ್ಟರ್ ಏನೋ ಇತ್ತು, ಹೆಸರು, ಫೋನು, ಬಂದ ದಿನ, ಹೋದ ದಿನ. ಕೆನಲ್ ನಂಬರ್ ಬರೆದಿರಲಿಲ್ಲ. ಮರಿಯ ಕೆಳಗಿನ ಕೆನಲುಗಳಲ್ಲಿ ಯಾರ ನಾಯಿ ಇತ್ತು ಎಂದು ತಿಳಿಯಲು ಕ್ಯಾಮೆರಾ ರೆಕಾರ್ಡಿಂಗನ್ನು ಎರಡು ದಿನ ಕೂತು ನೋಡಬೇಕಾಯಿತು. ಪಾರ್ವೊ ಬಂದ ಮರಿಗೆ ಡ್ರಿಪ್ ಹಾಕಿಸಲು ಎರಡು ದಿನ ತಡವಾದರೆ ಎಷ್ಟೋ ಸಲ ಅದು ಉಳಿಯುವುದಿಲ್ಲ. ರಿಜಿಸ್ಟರಿನಲ್ಲಿ ಕೆನಲ್ ನಂಬರಿನ ಆ ಒಂದು ಕಾಲಂ ಗೆರೆ ಎಳೆಸಿ.