ಹದಿನೈದು ಕಿಲೋ ಮಿತಿ ಮತ್ತು ಸಿಲ್ವರ್ ಕಾರ್ಡ್: ಬಳ್ಳಾರಿಯಿಂದ ಹಾರುವ ಜೀನ್ಸ್ ವ್ಯಾಪಾರಿಯ ವಿಮರ್ಶೆ

ವಿಮಾನ ಸಂಸ್ಥೆಗಳ ಸದಸ್ಯತ್ವ ಯೋಜನೆಗಳನ್ನು ಹೊಗಳಿಯೋ ತೆಗಳಿಯೋ ಬರೆಯುವವರಲ್ಲಿ ಹೆಚ್ಚಿನವರು ದೊಡ್ಡ ವಿಮಾನ ನಿಲ್ದಾಣವಿರುವ ಊರಿನವರು. ಅವರ ಲೆಕ್ಕ ಹಾರಿದ್ದಕ್ಕೆ ಜಮೆಯಾಗುವ ಪಾಯಿಂಟ್‌ಗಳಲ್ಲಿ ಆರಂಭವಾಗಿ ನಿಲ್ದಾಣದ ವಿಶ್ರಾಂತಿ ಕೋಣೆಯಾದ ಲಾಂಜ್‌ನ ಊಟದಲ್ಲಿ ಮುಗಿಯುತ್ತದೆ. ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಸಿ, ದೆಹಲಿಯ ಗಾಂಧಿನಗರ ಮತ್ತು ಟ್ಯಾಂಕ್ ರೋಡ್‌ನ ಸಗಟು ಅಂಗಡಿಗಳಿಗೆ ಸ್ಯಾಂಪಲ್ ಹೊತ್ತೊಯ್ಯುವ ನನಗೆ ಆ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ. ವಿಸ್ತಾರಾ ಹಾರುತ್ತಿದ್ದ ಕಾಲದಿಂದ ಈವರೆಗೆ ಒಂದಕ್ಕಿಂತ ಹೆಚ್ಚು ಸಂಸ್ಥೆಗಳ ಸದಸ್ಯತ್ವವನ್ನು ಬಳಸಿದ್ದೇನೆ. ನಮ್ಮ ಕಡೆಯ ಪ್ರಯಾಣಿಕನಿಗೆ ಅದರಿಂದ ನಿಜವಾಗಿ ದಕ್ಕುವುದು ಎರಡೇ: ಹೆಚ್ಚುವರಿ ಲಗೇಜ್, ಮತ್ತು ಪ್ರಯಾಣ ಕೆಟ್ಟಾಗ ದಾರಿ ಮಾಡಿಕೊಡುವ ಒಂದು ಫೋನ್ ಸಂಖ್ಯೆ. ಮಿಕ್ಕ ಸೌಲಭ್ಯಗಳು ಇದ್ದರೆ ಒಳ್ಳೆಯದೇ, ಆದರೆ ಅವಕ್ಕಾಗಿ ಹೆಚ್ಚಿನ ದರ ತೆತ್ತು ಟಿಕೆಟ್ ಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ಮೊದಲು ತೂಕದ ಮಾತು. ಗಂಡಸರ ಒಂದು ಜೀನ್ಸ್ ಪ್ಯಾಂಟ್ ಬಟ್ಟೆಯ ದಪ್ಪಕ್ಕೆ ತಕ್ಕಂತೆ ಸುಮಾರು 600ರಿಂದ 700 ಗ್ರಾಂ ತೂಗುತ್ತದೆ. ದೇಶದೊಳಗಿನ ಹಾರಾಟದಲ್ಲಿ ಸಾಮಾನ್ಯ ದರದ ಟಿಕೆಟ್ಟಿಗೆ ಸಿಗುವುದು ಚೆಕ್-ಇನ್ ಲಗೇಜಿಗೆ 15 ಕಿಲೋ, ಕೈಚೀಲಕ್ಕೆ 7 ಕಿಲೋ. ಚೀಲದ ಸ್ವಂತ ತೂಕವನ್ನು ಕಳೆದರೆ ಅದರಲ್ಲಿ ಹದಿನೆಂಟು–ಇಪ್ಪತ್ತು ಪ್ಯಾಂಟ್ ಹಿಡಿದರೆ ಹೆಚ್ಚು. ಬೇರೆ ಬೇರೆ ವಾಶ್, ಬೇರೆ ಬೇರೆ ಫಿಟ್ಟಿಂಗ್ ಎಂದು ಒಂದು ಸೀಸನ್ನಿನ ಮಾದರಿಗಳನ್ನು ಸಗಟು ಅಂಗಡಿಯವರ ಮುಂದೆ ಹರಡಬೇಕಾದರೆ ಇದು ಏನೇನೂ ಸಾಲದು. ಏರ್ ಇಂಡಿಯಾದ ದೇಶೀಯ ಹಾರಾಟಗಳಲ್ಲಿ ಒಂದು ಕಾಲಕ್ಕೆ 25 ಕಿಲೋ ಇದ್ದ ಮಿತಿ ಮೊದಲು 20ಕ್ಕೆ ಇಳಿಯಿತು, 2024ರ ಮೇ ತಿಂಗಳಿನಿಂದ ಕಡಿಮೆ ದರದ ಟಿಕೆಟ್‌ಗಳಲ್ಲಿ 15ಕ್ಕೆ ಬಂದು ನಿಂತಿತು. ಊಟ ಬದಲಾದದ್ದಕ್ಕೆ ಆದಷ್ಟು ಗಲಾಟೆ ಇದಕ್ಕೆ ಆಗಲಿಲ್ಲ. ನಮ್ಮಂಥ ವ್ಯಾಪಾರಿಗಳಿಗೆ ಮಾತ್ರ ಈ ಹತ್ತು ವರ್ಷಗಳ ಅತಿ ದೊಡ್ಡ ಬದಲಾವಣೆ ಇದೇ.

ಹಾರಾಟ, ಖರ್ಚು ಹೆಚ್ಚಿದಂತೆ ಸಿಗುವ ಸಿಲ್ವರ್, ಗೋಲ್ಡ್ ಎಂಬ ಸದಸ್ಯತ್ವದ ದರ್ಜೆ ಬೆಲೆಬಾಳುವುದು ಇಲ್ಲಿ. ಕೌಂಟರಿನ ತಕ್ಕಡಿಯ ಕೆಂಪು ಅಂಕಿ 15 ದಾಟಿ ಮುಂದೆ ಹೋಗುತ್ತಿದ್ದಂತೆ ಚೀಲದ ಜಿಪ್ ಎಳೆದು, ಎರಡು ಪ್ಯಾಂಟ್ ತೆಗೆದು, ಹಿಂದೆ ನಿಂತ ಸರದಿಯ ಎದುರೇ ಅವನ್ನು ಸುರುಳಿ ಸುತ್ತಿ ಕೈಚೀಲಕ್ಕೆ ತುರುಕುವ ಕಷ್ಟ ಸ್ಯಾಂಪಲ್ ಒಯ್ಯುವವರೆಲ್ಲರಿಗೂ ಗೊತ್ತು. ಸಿಲ್ವರ್ ದರ್ಜೆ ಬಂದ ಮೇಲೆ ಕೌಂಟರಿನವರು ಪರದೆಯನ್ನೊಮ್ಮೆ ನೋಡಿ ಮಾತಿಲ್ಲದೆ ಟ್ಯಾಗ್ ಅಂಟಿಸುತ್ತಾರೆ. ಹಲವು ದೇಶಗಳ ವಿಮಾನ ಸಂಸ್ಥೆಗಳು ಸೇರಿ ಕಟ್ಟಿಕೊಂಡ ಸ್ಟಾರ್ ಅಲಯನ್ಸ್ ಕೂಟದ ಗೋಲ್ಡ್ ದರ್ಜೆಯವರಿಗೆ ಕೂಟದ ಯಾವುದೇ ಸಂಸ್ಥೆಯಲ್ಲಿ ಇನ್ನೂ 20 ಕಿಲೋ, ಅಥವಾ ತೂಕದ ಬದಲು ಚೀಲದ ಲೆಕ್ಕವಿರುವ ಕಡೆ ಇನ್ನೊಂದು ಚೀಲ ಸಿಗುತ್ತದೆ. ಏರ್ ಇಂಡಿಯಾ 2014ರ ಜುಲೈನಲ್ಲಿ ಈ ಕೂಟ ಸೇರಿದ್ದರಿಂದ ಅದರ ಗೋಲ್ಡ್ ಮತ್ತು ಪ್ಲಾಟಿನಮ್ ಸದಸ್ಯರಿಗೂ ಇದು ಅನ್ವಯಿಸುತ್ತದೆ. ದರ್ಜೆಯಿಲ್ಲದವರು ಹೆಚ್ಚುವರಿ ತೂಕವನ್ನು ಕೌಂಟರಿನಲ್ಲಿ ಕೊಳ್ಳದೆ ಮೊದಲೇ ಆನ್‌ಲೈನ್‌ನಲ್ಲಿ ಕೊಂಡರೆ ಸಾಮಾನ್ಯವಾಗಿ ಅಗ್ಗ.

ಆದರೆ ಈ ಸೌಲಭ್ಯವೆಲ್ಲ ಬಳ್ಳಾರಿಯವನಿಗೆ ಬೆಂಗಳೂರು ಇಲ್ಲವೇ ಹೈದರಾಬಾದ್ ತಲುಪಿದ ಮೇಲೆ ಆರಂಭವಾಗುವುದು ಎಂಬುದನ್ನು ಮರೆಯಬಾರದು. ಬಳ್ಳಾರಿಯ ಬಳಿ ಕಟ್ಟುತ್ತೇವೆಂದ ಚಾಗನೂರು–ಸಿರಿವಾರದ ವಿಮಾನ ನಿಲ್ದಾಣದ ಮಾತು ಎಷ್ಟು ವರ್ಷಗಳಿಂದ ನಡೆದಿದೆಯೋ, ಜಮೀನು ಕೊಟ್ಟ ರೈತರೇ ಹೇಳಬೇಕು. ಸದ್ಯಕ್ಕೆ ನಮಗಿರುವುದು ಉಕ್ಕಿನ ಕಾರ್ಖಾನೆಯವರು ತೋರಣಗಲ್ಲಿನಲ್ಲಿ ಕಟ್ಟಿಸಿದ ವಿದ್ಯಾನಗರದ ನಿಲ್ದಾಣ, ಜನರ ಬಾಯಲ್ಲಿ ಜಿಂದಾಲ್ ಏರ್‌ಪೋರ್ಟ್. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಡಿ ಟ್ರೂಜೆಟ್ ಸಂಸ್ಥೆ ತನ್ನ ಎಟಿಆರ್-72 ವಿಮಾನಗಳನ್ನು ಇಲ್ಲಿಗೆ ಹಾರಿಸುತ್ತಿದ್ದಾಗ ತಲೆಯ ಮೇಲಿನ ಕಪಾಟು ಎಷ್ಟು ಚಿಕ್ಕದೆಂದರೆ, ಗಾಲಿಯ ಕೈಚೀಲಗಳನ್ನು ಮೆಟ್ಟಿಲ ಬಳಿಯಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಿದ್ದರು. ಈಚಿನ ವರ್ಷಗಳಲ್ಲಿ ಸ್ಟಾರ್ ಏರ್ ಇಲ್ಲಿಂದ ಹಾರಿಸಿದ ಎಂಬ್ರಾಯರ್ 175 ಆ ದೃಷ್ಟಿಯಿಂದ ಬಹಳ ಮೇಲು. ಅದರಲ್ಲಿ ಬಿಸಿನೆಸ್ ದರ್ಜೆಯ 12, ಎಕಾನಮಿಯ 64 ಆಸನಗಳಿದ್ದು, ಎಕಾನಮಿಯಲ್ಲೂ ಸಾಲಿನ ಎರಡೂ ಬದಿಗೆ ಎರಡೆರಡೇ ಆಸನಗಳಿರುವುದರಿಂದ ನಡುವೆ ಸಿಕ್ಕಿಕೊಳ್ಳುವ ಪ್ರಶ್ನೆಯೇ ಇಲ್ಲ.

ತೊಡಕಿರುವುದು ಟಿಕೆಟ್‌ನಲ್ಲಿ. ಮೊದಲ ಹಂತ ಒಂದು ಸಂಸ್ಥೆಯದು, ಮುಂದಿನ ಹಂತ ಇನ್ನೊಂದರದು ಎಂದು ಬೇರೆ ಬೇರೆ ಟಿಕೆಟ್ ಮಾಡಿಸಿದಾಗ ಲಗೇಜನ್ನು ಬೆಂಗಳೂರಿನಲ್ಲಿ ಬಿಡಿಸಿಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು, ಮತ್ತು ದೊಡ್ಡ ಸಂಸ್ಥೆಯ ಸಿಲ್ವರ್ ದರ್ಜೆ ಕೊಡುವ ಹೆಚ್ಚುವರಿ ತೂಕಕ್ಕೆ ಮೊದಲ ಹಂತದಲ್ಲಿ ಬೆಲೆಯಿಲ್ಲ. ದೆಹಲಿಗೆ ಪುಕ್ಕಟೆ ಹೋಗುವ ಚೀಲಕ್ಕೆ ಬೆಂಗಳೂರಿನ ತನಕ ಹಣ ಕಟ್ಟಬೇಕು. ಹೀಗಾಗಿ ತೂಕ ಹೆಚ್ಚಿದ್ದಾಗ ನಾನು ತೋರಣಗಲ್ಲಿನ ಕಡೆ ನೋಡುವುದಿಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು, ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ವಾಯುವಜ್ರ ಬಸ್ ಹಿಡಿಯುತ್ತೇನೆ. ರೈಲಿನಲ್ಲಿ ತಕ್ಕಡಿಯ ಕಾಟವಿಲ್ಲ. ರಾಯಚೂರಿನ ಹತ್ತಿ ವ್ಯಾಪಾರಿಗಳು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದಿಗೆ ನೇರ ಕಾರಿನಲ್ಲೇ ಹೋಗುವುದೂ ಇದೇ ಲೆಕ್ಕದಿಂದ ಇರಬೇಕು.

ಇನ್ನು ಪಾಯಿಂಟ್‌ಗಳ ವಿಚಾರ. ಅಮೆರಿಕನ್ ಏರ್‌ಲೈನ್ಸ್ 1981ರ ಮೇ ತಿಂಗಳಿನಲ್ಲಿ ತನ್ನ ಯೋಜನೆಯನ್ನು ಆರಂಭಿಸಿದಾಗ ಅದರ ತತ್ವ ಸರಳವಾಗಿತ್ತು: ಎಷ್ಟು ದೂರ ಹಾರಿದರೆ ಅಷ್ಟು ಮೈಲಿ ಖಾತೆಗೆ ಜಮೆ. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, ಮರುವರ್ಷ ಅಮೆರಿಕನ್ ಈ ತತ್ವವನ್ನು ಬಿಟ್ಟು, ಎಷ್ಟು ಖರ್ಚು ಮಾಡಿದರೆ ಅಷ್ಟು ಪಾಯಿಂಟ್ ಎಂಬ ಲೆಕ್ಕಕ್ಕೆ ಬಂದವು. ನಮ್ಮಲ್ಲಿ ವಿಸ್ತಾರಾ ಖರ್ಚಿನ ಲೆಕ್ಕವನ್ನೇ ಅನುಸರಿಸುತ್ತಿತ್ತು. ಏರ್ ಇಂಡಿಯಾ ತನ್ನ ಫ್ಲೈಯಿಂಗ್ ರಿಟರ್ನ್ಸ್ ಯೋಜನೆಯನ್ನು 2024ರಲ್ಲಿ ಹಾಗೆ ಬದಲಾಯಿಸಿತು. ಅದೇ ಈಗ ಮಹಾರಾಜ ಕ್ಲಬ್. ಬ್ಯಾಂಕ್ ಕಾರ್ಡಿನ ರಿವಾರ್ಡ್ ಬಿಟ್ಟರೆ ಸ್ವಂತ ಸದಸ್ಯತ್ವ ಯೋಜನೆಯೇ ಇಲ್ಲದೆ 2006ರಿಂದ ಹಾರಿದ ಇಂಡಿಗೊ ಕೂಡ 2024ರಲ್ಲಿ ಬ್ಲೂಚಿಪ್ ತಂದಿತು.

ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿಲೋಮೀಟರ್. ಎರಡು ತಿಂಗಳು ಮೊದಲೇ ಯೋಚಿಸಿ ಕಡಿಮೆ ದರದಲ್ಲಿ ಟಿಕೆಟ್ ಮಾಡಿಸಿದವನೂ, ಹಿಂದಿನ ದಿನ ಅದರ ಎರಡು ಪಟ್ಟು ಕೊಟ್ಟವನೂ ಪಕ್ಕಪಕ್ಕದ ಆಸನದಲ್ಲಿ ಕುಳಿತು ಅಷ್ಟೇ ದೂರ ಹೋಗುತ್ತಾರೆ. ಎರಡನೆಯವನಿಗೆ ಪಾಯಿಂಟ್ ಇಮ್ಮಡಿ. ಆ ಎರಡನೆಯವನು ಬಹಳ ಸಲ ದೊಡ್ಡ ಕಂಪನಿಯ ನೌಕರನಾಗಿರುತ್ತಾನೆ: ದುಡ್ಡು ಕಂಪನಿಯದು, ಪಾಯಿಂಟ್ ಅವನದು. ಸ್ವಂತ ಗಲ್ಲಾಪೆಟ್ಟಿಗೆಯಿಂದ ಹಣ ತೆಗೆಯುವ ಸಣ್ಣ ವ್ಯಾಪಾರಿ ಜಾಣತನದಿಂದ ಟಿಕೆಟ್ ಕೊಂಡಷ್ಟೂ ದರ್ಜೆಯಲ್ಲಿ ಹಿಂದೆ ಬೀಳುತ್ತಾನೆ. ಜೊತೆಗೆ ತೆರಿಗೆ, ನಿಲ್ದಾಣ ಶುಲ್ಕಗಳಿಗೆ ಪಾಯಿಂಟ್ ಲೆಕ್ಕವಿಲ್ಲ. ಪಾಯಿಂಟ್ ಕೊಟ್ಟು ಟಿಕೆಟ್ ಪಡೆದಾಗ ಮಾತ್ರ ಅವನ್ನು ನಗದಾಗಿ ಕಟ್ಟಬೇಕು.

ಪಾಯಿಂಟ್ ಕೂಡಿಡುವುದನ್ನು ನಾನು ಬಿಟ್ಟದ್ದಕ್ಕೆ ಬೇರೆ ಕಾರಣವೂ ಇದೆ. 2012ರಲ್ಲಿ ಕಿಂಗ್‌ಫಿಶರ್ ನಿಂತಾಗ ಅದರ ಮೈಲಿಗಳೂ ಅದರೊಂದಿಗೆ ಹೋದವು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ನಿಂತಾಗ ಹಾಗಾಗಲಿಲ್ಲ, ಏಕೆಂದರೆ ಜೆಟ್‌ಪ್ರಿವಿಲೇಜ್ ಯೋಜನೆಯನ್ನು ಪ್ರತ್ಯೇಕ ಕಂಪನಿಯೊಂದು ನಡೆಸುತ್ತಿದ್ದು, ಅದರ ಶೇ 50.1 ಪಾಲು ಎತಿಹಾದ್ ಕೈಯಲ್ಲಿತ್ತು. ವಿಮಾನಗಳು ನಿಂತರೂ ಯೋಜನೆ ಇಂಟರ್‌ಮೈಲ್ಸ್ ಎಂಬ ಹೆಸರಿನಲ್ಲಿ ಮುಂದುವರಿಯಿತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ಲೀನವಾದಾಗ ಕ್ಲಬ್ ವಿಸ್ತಾರಾದ ಪಾಯಿಂಟ್‌ಗಳು ಒಂದಕ್ಕೊಂದರಂತೆ ಮಹಾರಾಜ ಕ್ಲಬ್ಬಿಗೆ ವರ್ಗವಾದವು. ಸಂಖ್ಯೆ ಅಷ್ಟೇ ಉಳಿಯುವುದು ಸಮಾಧಾನದ ಸಂಗತಿ, ಆದರೆ ಒಂದು ಟಿಕೆಟ್ಟಿಗೆ ಎಷ್ಟು ಪಾಯಿಂಟ್ ಬೇಕೆಂದು ತೀರ್ಮಾನಿಸುವ ಹಕ್ಕು ಎಲ್ಲ ಯೋಜನೆಗಳಲ್ಲೂ ಸಂಸ್ಥೆಯದ್ದೇ. ದೀಪಾವಳಿಯ ಹೊತ್ತಿಗೆ ಪಾಯಿಂಟ್ ಕೊಟ್ಟು ಪಡೆಯುವ ಸೀಟುಗಳು ಕಾಣುವುದೂ ಅಪರೂಪ. ವಾಶಿಂಗ್ ಯೂನಿಟ್ ನಡೆಸುವ ಗೆಳೆಯರೊಬ್ಬರು ನನ್ನ ಖಾತೆಯ ಅಂಕಿ ನೋಡಿ, "ಅಣ್ಣಾ, ಇಷ್ಟು ಪಾಯಿಂಟ್ ಇಟ್ಕಂಡು ಏನ್ ಮಾಡ್ತೀರಿ, ಉಪ್ಪು ಹಚ್ಚಿ ನೆಕ್ತೀರೇನು?" ಎಂದು ಕೇಳಿದ್ದರು. ಅಂದಿನಿಂದ ಸಿಕ್ಕಷ್ಟನ್ನು ಸಿಕ್ಕಾಗಲೇ ಖರ್ಚು ಮಾಡುತ್ತಿದ್ದೇನೆ.

ಕ್ಯಾಬಿನ್ ಸೇವೆಯ ಮಾತು ಬಂದರೆ, ನಮ್ಮ ದೇಶದಲ್ಲಿ ಅದು ಒಂದೇ ದಿಕ್ಕಿನಲ್ಲಿ ಇಳಿದಿಲ್ಲ. 2017ರಲ್ಲಿ ಏರ್ ಇಂಡಿಯಾ ದೇಶೀಯ ಎಕಾನಮಿಯಲ್ಲಿ ಮಾಂಸಾಹಾರವನ್ನು ನಿಲ್ಲಿಸಿತು. 2022ರ ಜನವರಿಯಲ್ಲಿ ಟಾಟಾ ಒಡೆತನಕ್ಕೆ ಬಂದ ಮೇಲೆ ಅದು ಮರಳಿತು. ಕೋವಿಡ್ ಕಾಲದಲ್ಲಿ, 2020ರ ಮೇ 25ರಂದು ಹಾರಾಟ ಮತ್ತೆ ಆರಂಭವಾದಾಗ ಊಟವೇ ಇರಲಿಲ್ಲ. 2021ರ ಏಪ್ರಿಲ್‌ನಲ್ಲಿ ಎರಡು ಗಂಟೆಗಿಂತ ಕಡಿಮೆ ಅವಧಿಯ ಹಾರಾಟಗಳಲ್ಲಿ ಊಟವನ್ನು ಮತ್ತೆ ನಿಷೇಧಿಸಿ, ಅದೇ ನವೆಂಬರ್‌ನಲ್ಲಿ ಎಲ್ಲ ಹಾರಾಟಗಳಿಗೂ ಅನುಮತಿ ಕೊಟ್ಟರು. ವಿಸ್ತಾರಾದ ಎಕಾನಮಿಯಲ್ಲಿ ಬಿಸಿಯೂಟ ಕೊಡುತ್ತಿದ್ದುದನ್ನು ನೆನೆಯುವವರು ನಮ್ಮ ಮಾರುಕಟ್ಟೆಯಲ್ಲೂ ಇದ್ದಾರೆ, ಆ ಸ್ಮರಣೆ ನ್ಯಾಯವಾದದ್ದೇ.

ಊಟ ಮಾರುವ ಅಗ್ಗದ ವಿಮಾನಗಳಲ್ಲಿ ನನಗೆ ಹೆಚ್ಚು ಪರಿಚಯವಿರುವುದು ಕಾಗದದ ಲೋಟದ ಉಪ್ಪಿಟ್ಟು. ಗಗನಸಖಿ ಮುಚ್ಚಳವನ್ನು ಅರ್ಧ ಸುಲಿದು, ಗೆರೆಯವರೆಗೆ ಬಿಸಿನೀರು ಹಾಕಿ, ಕೆಲವು ನಿಮಿಷ ಮುಚ್ಚಿಡಲು ಹೇಳಿ ಮುಂದಕ್ಕೆ ಹೋಗುತ್ತಾಳೆ. ತೆರೆದಾಗ ಮೇಲೆ ಹದವಾಗಿರುತ್ತದೆ, ತಳದಲ್ಲಿ ರವೆ ಒಣಗಿಯೇ ಇರುತ್ತದೆ. ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿದ್ದು, ಗಾಳಿಯೂ ಒಣಗಿರುವುದರಿಂದ ನಾಲಿಗೆಗೆ ಉಪ್ಪು, ಸಿಹಿ ಎರಡೂ ಮಂದವಾಗಿ ತಿಳಿಯುತ್ತವೆ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಪಳಗಿದ ಬಳ್ಳಾರಿಯ ನಾಲಿಗೆಗೆ ಅದು ಇನ್ನಷ್ಟು ಸಪ್ಪೆ. ಸದಸ್ಯರಿಗೆ ಊಟ ಉಚಿತ ಎಂಬ ಸೌಲಭ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸದಿರುವುದು ಇದರಿಂದಲೇ. ಹೆಸರು ಬೇಡ, ಒಂದು ಸಂಸ್ಥೆಯಲ್ಲಿ ಶ್ರಾವಣ ಸೋಮವಾರದಂದು ಮೊದಲೇ ಕಾದಿರಿಸಿದ್ದ ಸಸ್ಯಾಹಾರದ ಊಟ ವಿಮಾನಕ್ಕೆ ಏರಿರಲೇ ಇಲ್ಲ. ಗೋಡಂಬಿಯ ಪೊಟ್ಟಣವೊಂದನ್ನು ಕೊಟ್ಟ ಸಿಬ್ಬಂದಿ ತಪ್ಪೊಪ್ಪಿಕೊಂಡು ಮಾತಾಡಿದರು, ಹಣ ಮಾತ್ರ ಎರಡು ಸಲ ಮಿಂಚಂಚೆ ಬರೆದ ಮೇಲೆ ಬಂತು.

ಆಸನಗಳಲ್ಲಿ ಮೆಚ್ಚಬೇಕಾದ ಬದಲಾವಣೆಗಳೂ ಆಗಿವೆ. ಏರ್ ಇಂಡಿಯಾ ನವೀಕರಿಸುತ್ತಿರುವ ಎ320 ನಿಯೋ ವಿಮಾನಗಳಲ್ಲಿ ಬಿಸಿನೆಸ್ 8, ಪ್ರೀಮಿಯಂ ಎಕಾನಮಿ 24, ಎಕಾನಮಿ 132 ಆಸನಗಳಿವೆ. ಇಂಡಿಗೊ 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬೈ ಮಾರ್ಗದಲ್ಲಿ ಸ್ಟ್ರೆಚ್ ಎಂಬ ಹೆಸರಿನಲ್ಲಿ 12 ಬಿಸಿನೆಸ್ ಆಸನಗಳನ್ನು ತಂದಿತು. ಆದರೆ 2025ರ ಸೆಪ್ಟೆಂಬರ್ 22ರಿಂದ ಎಕಾನಮಿಗೆ ಜಿಎಸ್‌ಟಿ ಶೇ 5ರಲ್ಲೇ ಉಳಿದು, ಅದಕ್ಕಿಂತ ಮೇಲಿನ ದರ್ಜೆಗಳಿಗೆ ಶೇ 12ರಿಂದ 18ಕ್ಕೆ ಏರಿದೆ. ಮೂರು ಗಂಟೆಯೊಳಗಿನ ಹಾರಾಟಕ್ಕೆ ಈ ವ್ಯತ್ಯಾಸ ಕೊಡುವುದು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ಮಾರುಕಟ್ಟೆ ಸುತ್ತಿ ತಡರಾತ್ರಿ ಮರಳುವಾಗ ಪಾಯಿಂಟ್ ಕೊಟ್ಟು ಮುಂದಿನ ಆಸನ ಸಿಕ್ಕರೆ ಬೇಡವೆನ್ನುವುದಿಲ್ಲ.

ಲಾಂಜ್ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಬ್ಯಾಂಕ್ ಕಾರ್ಡ್ ತೋರಿಸಿ ಒಳಗೆ ಹೋಗುವವರು ಹೆಚ್ಚಾಗಿ, ಅನೇಕ ಬ್ಯಾಂಕುಗಳು ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿರಬೇಕೆಂಬ ಷರತ್ತು ಹಾಕಿವೆ. ಚೀಲ ಮೊದಲು ಬರಲೆಂದು ಲಗೇಜಿಗೆ ಅಂಟಿಸುವ ಪ್ರಯಾರಿಟಿ ಟ್ಯಾಗ್ ಇನ್ನೂ ಕಡೆ, ಆ ಟ್ಯಾಗಿನ ನನ್ನ ಚೀಲ ಬೆಲ್ಟಿನ ಮೇಲೆ ಎಲ್ಲರದ್ದೂ ಬಂದ ಮೇಲೆ ಬಂದದ್ದೇ ಹೆಚ್ಚು.

ಫೋನ್ ಸಂಖ್ಯೆಯ ಬೆಲೆ ತಿಳಿದದ್ದು ಮಳೆಗಾಲದಲ್ಲಿ. ತೋರಣಗಲ್ಲಿನಲ್ಲಿ ಮೋಡ ಕವಿದು ಮೊದಲ ವಿಮಾನ ತಡವಾಯಿತು, ಬೆಂಗಳೂರಿನಲ್ಲಿ ದೆಹಲಿಯ ವಿಮಾನ ತಪ್ಪುವುದು ಖಚಿತವಾಯಿತು. ಬೇರೆ ಬೇರೆ ಟಿಕೆಟ್‌ಗಳಾದ್ದರಿಂದ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇರಲಿಲ್ಲ. ಆದರೂ ನಿಲ್ದಾಣದ ಕುರ್ಚಿಯಿಂದಲೇ ಸದಸ್ಯರ ಸಹಾಯವಾಣಿಗೆ ಕರೆ ಮಾಡಿದಾಗ, ದರ್ಜೆಯನ್ನು ನೋಡಿ, ಬದಲಾವಣೆ ಶುಲ್ಕ ಹಿಡಿಯದೆ ಸಂಜೆಯ ವಿಮಾನಕ್ಕೆ ಹಾಕಿಕೊಟ್ಟರು. ಸಾಮಾನ್ಯ ಟಿಕೆಟ್ ಆಗಿದ್ದರೆ ಹೊಸದಾಗಿ ಕೊಳ್ಳಬೇಕಾಗುತ್ತಿತ್ತು.

ದರ್ಜೆ ಇಲ್ಲದವರಿಗೂ ಇಂಥ ಹೊತ್ತಿನಲ್ಲಿ ಕೆಲವು ಹಕ್ಕುಗಳಿವೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯವರೆಗಿನ ಹಾರಾಟ ಎರಡು ಗಂಟೆ ತಡವಾದರೆ ಕಾಯುವವರಿಗೆ ಊಟ–ಉಪಾಹಾರ ಕೊಡಬೇಕು. ತಡ ಆರು ಗಂಟೆ ಮೀರುವುದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ. ವಿಮಾನ ತಪ್ಪಿಸಿಕೊಂಡವರಿಗೆ ಟಿಕೆಟ್ಟಿನ ಮೂಲ ದರ ಹೋದರೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣ ಶುಲ್ಕಗಳನ್ನು ಹಿಂತಿರುಗಿಸಬೇಕು. ಅಗ್ಗದ ಟಿಕೆಟ್‌ನಲ್ಲಿ ಈ ಮೊತ್ತ ಅಷ್ಟು ಚಿಕ್ಕದೇನಲ್ಲ. ಸಂಸ್ಥೆಯ ತಾಣದಲ್ಲಿ ಟಿಕೆಟ್ ಸಂಖ್ಯೆ ಹಾಕಿ ಅರ್ಜಿ ಸಲ್ಲಿಸಿದರೆ ಸಾಕು. ಏಜೆಂಟರ ಮೂಲಕ ಟಿಕೆಟ್ ಮಾಡಿಸಿದ್ದರೆ ಸಾಮಾನ್ಯವಾಗಿ ಅವರ ಬಳಿಯೇ ಕೇಳಬೇಕಾಗುತ್ತದೆ.